ನಾಲ್ಕು ಬೆರಳು ಗಿಡ್ಡ

ಹಾಸಿಗೆಯ ಮೇಲೆ ಅಂಗಾತ ಮಲಗಿದೆ
ತಲೆಯಿಲ್ಲದ, ಪಾದವಿಲ್ಲದ ಒಂದು ಮಗು:
ಉಣ್ಣೆಯ ಒಳಂಗಿ, ಮೇಲೆ ಜುಂಗುಜುಂಗಿನ ಸ್ವೆಟರು,
ಅದರ ಮೇಲೆ ಗಾಳಿಗೆ ಜಗ್ಗದ ನೀಲಿ ಜಾಕೆಟ್ಟು.
ಅದನ್ನೆಲ್ಲ ತೊಡಬೇಕಾದವಳು, ಯೆರ್ತ್ಸ,
ಪಕ್ಕದ ಕೋಣೆಯಲ್ಲಿ ಕನ್ನಡಕ ಹಾಕಿಕೊಂಡೇ ನಿದ್ದೆಹೋಗಿದ್ದಾಳೆ,
ಹಿಮದ ಕನ್ನಡಕ, ಮುಖದ ಅರ್ಧ ಇರುವಂಥದ್ದು.
ಲ್ಯುಬ್ಲಿಯಾನಾದ ಈ ಐದನೇ ಮಹಡಿಯಲ್ಲಿ
ರಾತ್ರಿ ಹನ್ನೊಂದಕ್ಕೆ
ಕೈಯಲ್ಲಿ ಚೀಟಿ ಹಿಡಿದು ನಿಂತಿದ್ದೇನೆ ನಾನು.

ಚೀಟಿ ದಾರಿಂಕಾಳದು. ಅಕ್ಷರ
ಮೊದಲಿನ ಹಾಗೇ ಬಲಕ್ಕೆ ವಾಲಿ ಓಡುತ್ತಿದೆ.
"ಹತ್ತಿ ಬೇಡ. ಹತ್ತಿ ಬೆವರು ಕುಡಿಯುತ್ತದೆ,
ಕುಡಿದದ್ದನ್ನು ಬಿಡುವುದಿಲ್ಲ.
ಕಾಲುಚೀಲ ಒಂದೇ ಜೊತೆ. ಎರಡು ಹಾಕಿದರೆ
ಬೂಟು ಬಿಗಿದು ಬೆರಳು ಮರಗಟ್ಟುತ್ತವೆ.
ಕೈಗವಸು ಎರಡು ಜೊತೆ ಇಡು. ಒಂದು ಕಳೆಯುತ್ತಾಳೆ."
ಅದರ ಕೆಳಗೆ ಗೆರೆ ಎಳೆದು ಮತ್ತೆ:
"ಕಳೆದೇ ಕಳೆಯುತ್ತಾಳೆ. ಬೈಯಬೇಡ."

ಹನ್ನೊಂದು ಚಳಿಗಾಲ ಪೆಟ್ಟಿಗೆ ತುಂಬಿದವಳು ಅವಳು.
ನಾನು ಕಾರಿನ ನೆತ್ತಿಗೆ ಸ್ಕೀ ಕಟ್ಟುತ್ತಿದ್ದೆ,
ಪಟ್ಟಿ ಬಿಗಿದು, ಎರಡು ಸಲ ತಟ್ಟಿ,
ಊರಿಗೆಲ್ಲ ನಾನೇ ಮದುವೆ ಮಾಡಿಸಿದವನ ಗತ್ತಿನಲ್ಲಿ.
ಈಗ ಅವಳು ಮಾರಿಬೋರಿನಲ್ಲಿ.
ಪೆಟ್ಟಿಗೆ ಇಲ್ಲಿ, ಬಾಯಿ ತೆರೆದುಕೊಂಡು.

ನನ್ನಪ್ಪನ ಪದರದ ಲೆಕ್ಕ ಬೇರೆ.
ಬೆಳಗಿನ ಕತ್ತಲಲ್ಲಿ, ಎದೆಗೊಂದು ಬೆನ್ನಿಗೊಂದು,
ಹಿಂದಿನ ದಿನದ ಪತ್ರಿಕೆ ಮಡಚಿ
ನನ್ನ ಸ್ವೆಟರಿನೊಳಗೆ ತುರುಕುತ್ತಿದ್ದ.
ತಿರುವಿನಲ್ಲಿ ವಾಲಿದಾಗೆಲ್ಲ ಸರಸರ.
ನಾಚಿಕೆ ನನಗೆ, ಕಾಗದದ ಹುಡುಗ ಅಂತ
ಬಗೊಮಿಲಾ ನಕ್ಕಿದ್ದಳು ಲಿಫ್ಟಿನ ಸಾಲಿನಲ್ಲಿ.
ಸಂಜೆ ಬಿಚ್ಚಿದರೆ ಬನಿಯನ್ನಿನ ಮೇಲೆ
ಬೆವರಿಗೆ ಅಂಟಿದ ಕನ್ನಡಿಯಕ್ಷರ:
ಉಕ್ಕಿನ ಉತ್ಪಾದನೆ, ಯಾರದೋ ಭಾಷಣ.
ಆ ಸುದ್ದಿಗಳ ದೇಶ ಈಗ ಭೂಪಟದಲ್ಲಿಲ್ಲ.
ಬೆಚ್ಚಗಿತ್ತು ಮಾತ್ರ, ಸುಳ್ಳು ಹೇಳಬಾರದು.

ಜಾಕೆಟ್ಟಿನ ಜೇಬು ತಡಕಿದೆ.
ಹೋದ ವರ್ಷದ ಕಿತ್ತಳೆ ಸಿಪ್ಪೆ, ಒಣಗಿ ಚರ್ಮವಾಗಿದೆ.
ಮೂರು ಜನರ ಲಿಫ್ಟ್ ಟಿಕೆಟ್ಟು ಒಂದೇ ದಾರದಲ್ಲಿ.
ಬಿಸಾಡಲೋ ಇಡಲೋ ತಿಳಿಯದೆ
ಇದ್ದಲ್ಲೇ ಬಿಟ್ಟು ಜಿಪ್ಪು ಎಳೆದೆ.

ಆಮೇಲೆ ಪ್ಯಾಂಟು.
ನಿದ್ದೆಯ ಕಾಲಿಗೆ ಹಿಡಿದು ಅಳೆದರೆ
ನಾಲ್ಕು ಬೆರಳು ಗಿಡ್ಡ.
ಅಂಗಡಿ ಮುಚ್ಚಿದೆ, ಬಸ್ಸಲ್ಲ ಬೆಟ್ಟ, ಕಾಯುತ್ತದೆ,
ಆದರೆ ಮಗು ಕಾಯುವುದಿಲ್ಲ; ಆರಕ್ಕೆ ಹೊರಡಬೇಕು.
ಫೋನು ಮಾಡಿದೆ. ನಾಲ್ಕು ಸಲ ಬಾರಿಸಿ
ಎತ್ತಿದಳು, ಧ್ವನಿ ದಿಂಬಿನೊಳಗಿಂದ:
"ಅಂಚಿನ ಒಳಗೆ ನೋಡು. ಕೆಂಪು ದಾರ."
ಇಟ್ಟುಬಿಟ್ಟಳು.

ಮಗುಚಿ ನೋಡಿದೆ. ಹೌದು,
ಒಳಗೆ ಸುತ್ತಲೂ ಒಂದು ಕೆಂಪು ಹೊಲಿಗೆ,
ಕತ್ತರಿಸಲೆಂದೇ ಹೊಲಿದದ್ದು.
ಇಷ್ಟು ವರ್ಷ ಇಷ್ಟು ಹತ್ತಿರ ಇತ್ತು.
ಉಗುರು ಕತ್ತರಿಯಿಂದ ಒಂದೊಂದೇ ಟಕ್, ಟಕ್,
ಮಡಿಕೆಯಿಂದ ಬಟ್ಟೆ ಇಳಿಯಿತು,
ಬಿಸಿಲು ಕಾಣದ ಗಾಢ ನೀಲಿ,
ಮೂರು ಬೆರಳು. ಒಂದು ಇನ್ನೂ ಸಾಲದು.
ಒಂದಕ್ಕೆ ಬೂಟಿದೆ.

ಬೋಹಿನ್ ಸರೋವರದ ದಂಡೆ. ಬಯಲು ನಿಲ್ದಾಣ. ಮೈನಸ್ ಒಂಬತ್ತು.
ಕಾರಿನ ಹಿಂಬಾಗಿಲ ಕೆಳಗೆ ನಿಲ್ಲಿಸಿ ತೊಡಿಸಿದೆ:
ಒಳಂಗಿ ಪ್ಯಾಂಟಿನೊಳಗೆ, ಸ್ವೆಟರು ಅದರ ಹೊರಗೆ,
ಕತ್ತಿನ ಪಟ್ಟಿ, ಜಾಕೆಟ್ಟು, ಹೆಲ್ಮೆಟ್ಟು,
ಬೂಟಿನ ಕೊಂಡಿ ಎಂಟು, ಕೈಗವಸು,
ಅದರ ಮೇಲೆ ತೋಳಿನ ತುದಿ.
ಚೀಟಿ ಹೇಳಿದ್ದೆಲ್ಲ ಮುಗಿಯಿತು.
ಎದ್ದು ನಿಂತೆ, ಸ್ಕೀ ತಟ್ಟಿದೆ, ಎರಡು ಸಲ.

ಹೆಲ್ಮೆಟ್ಟಿನೊಳಗಿಂದ ಸಣ್ಣ ಸ್ವರ:
"ಅಪ್ಪಾ, ಉಚ್ಚೆ."

ನಕ್ಕೆ. ಮತ್ತೆ ಮಂಡಿಯೂರಿ
ಕೊನೆಯದರಿಂದ ಶುರುಮಾಡಿದೆ.
ಎಲ್ಲ ಬಿಚ್ಚಿ ಒಳಂಗಿಯ ತನಕ ಬಂದಾಗ
ಅವಳ ಬೆನ್ನಿನಿಂದ ಹಬೆ ಏಳುತ್ತಿತ್ತು,
ಆಗತಾನೆ ಒಲೆಯಿಂದ ಇಳಿದ ರೊಟ್ಟಿಯಂತೆ.
ನನ್ನ ಕೈ ಮರಗಟ್ಟಿತ್ತು. ಒಂದು ಕ್ಷಣ
ಅಲ್ಲೇ ಇಟ್ಟುಕೊಂಡೆ.
ಎಡಗೈಯ ಕೈಗವಸು ಆಗಲೇ ಕಾಣೆ.