ಹದಿನಾರನೆಯ ಪದರ

ಇದು ಹಳೆಯ ಆವೃತ್ತಿಯ ಕಡತ, ಪರಿವರ್ತಿಸಲೇ? ಎಂದು ಕೇಳಿತು.
ಹೂಂ ಅಂದೆ.
ಅನ್ನದೆ ಬೇರೆ ದಾರಿ ಇರಲಿಲ್ಲ. ಪ್ಲೊವ್ದಿವ್‌ನ ಹೆರಿಗೆ ಆಸ್ಪತ್ರೆಯ ಲಿಫ್ಟು
ಮೂರನೆಯ ಮಹಡಿಯನ್ನು ಮರೆತು ವಾರವಾಗಿತ್ತು,
ದಿನ ತುಂಬಿದವರು ಮೆಟ್ಟಿಲ ಮೇಲೆ ಕೂತು, ಎದ್ದು, ಕೂತು
ಹತ್ತುತ್ತಿದ್ದರು.

ಸುಟ್ಟ ಬೋರ್ಡು ನನ್ನ ಮೇಜಿನ ಮೇಲೆ, ಇನ್ನೂ ಕಮಟು.
ಅದರ ನಕ್ಷೆ ಒಂದು ಫ್ಲಾಪಿಯಲ್ಲಿ,
ಫ್ಲಾಪಿಯ ಬೆನ್ನಿಗೆ ಪೆನ್ಸಿಲ್ಲಿನ ಅಕ್ಷರ:
ಲಿಫ್ಟು ನಾಲ್ಕು. ಝಿವ್ಕೊ ಕರಾಬೆಲ್ಯೊವ್.

ಕಡತ ಬಿಚ್ಚಿಕೊಂಡಿತು, ನೂರ ಹನ್ನೆರಡು ಎಚ್ಚರಿಕೆಗಳೊಡನೆ.
ಇಂಚಿನ ಸಾವಿರದ ಒಂದು ಪಾಲಿನಲ್ಲಿ ಅಳೆದಿದ್ದನ್ನೆಲ್ಲ
ಮಿಲಿಮೀಟರಿಗೆ ಇಳಿಸುವಾಗ
ಕೂದಲೆಳೆಯಷ್ಟೂ ಅಲ್ಲದ ಏನೋ ಒಂದು ಉಳಿದುಹೋಗುತ್ತದೆ,
ಲೆಕ್ಕ ಚುಕ್ತಾ ಆದಮೇಲೂ ಅಂಗಡಿಯವನು ಕೊಡದ ಚಿಲ್ಲರೆ.
ರಿಲೇಗಳ ಹೆಜ್ಜೆಗುರುತು ಯಾವ ಗ್ರಂಥಾಲಯದಲ್ಲೂ ಸಿಗಲಿಲ್ಲ;
ಆ ಕಾರ್ಖಾನೆಯೇ ಈಗ ಟೈಲ್ಸ್ ಮಾರುವ ಅಂಗಡಿ.
ಸುಟ್ಟ ಬೋರ್ಡಿಗೇ ಕ್ಯಾಲಿಪರ್ ಹಿಡಿದು
ಕಾಲು ಕಾಲಿನ ನಡುವೆ ಅಳೆದೆ.

ಮೇಲಿನ ತಾಮ್ರ, ಕೆಳಗಿನ ತಾಮ್ರ, ಹಸಿರು ಬಣ್ಣ, ಬಿಳಿ ಬರಹ.
ಆಮೇಲೆ ಹದಿನಾರನೆಯ ಪದರ, ಹೆಸರಿಲ್ಲದ್ದು.
ಅದರಲ್ಲಿ ಮೂರು ಸಾಲು ಬರಹ ಕೆಟ್ಟು ಹೋಗಿತ್ತು:
ಡಬ್ಬ, ಡಬ್ಬ, ಪ್ರಶ್ನೆ, ಒತ್ತು ಕಳಚಿಬಿದ್ದ ಅಕ್ಷರಗಳ ರಾಶಿ.
ಒಗ್ನ್ಯಾನ್ ಹಳೆಯ ಲಿಪಿಕೋಷ್ಟಕ ಹುಡುಕಿ ಕೊಟ್ಟ.
ಎದೆ ಡವಡವ. ಗುಟ್ಟೊಂದು ಬಿಟ್ಟು ಹೋಗಿದ್ದಾನೆ ಮುದುಕ ಅಂತ
ಒಂದೊಂದೇ ಅಕ್ಷರ ತಿರುಗಿಸಿ ಜೋಡಿಸಿದೆ.

ಬುಧವಾರ.
ಬ್ರೆಡ್ಡು, ಸೂರ್ಯಕಾಂತಿ ಎಣ್ಣೆ.
ಮಿಲೆನಾಳ ಬೂಟು, ರಿಪೇರಿಯಿಂದ.

ಅಷ್ಟೇ.

ನಗು ಬಂತು, ಸ್ವಲ್ಪ ಸಿಟ್ಟೂ.
ಆ ಸಿಟ್ಟಿನಲ್ಲೇ ಇರಬೇಕು, ಕೆಳಗಿನ ತಾಮ್ರದಲ್ಲಿ
ಕಾರಣವಿಲ್ಲದೆ ಕೊಕ್ಕೆಯಂತೆ ಬಳಸಿ ಹೋಗುತ್ತಿದ್ದ ಗೆರೆಯೊಂದನ್ನು
ನೆಟ್ಟಗೆ ಮಾಡಿದೆ. ಸುತ್ತ ಏನೂ ಇರಲಿಲ್ಲ, ಬರೀ ಬಯಲು.
ಎಚ್ಚರಿಕೆಗಳು ಸೊನ್ನೆ. ತಂತ್ರಾಂಶ ಹಸಿರು ಟಿಕ್ಕು ಹಾಕಿತು.

ಹನ್ನೊಂದನೆಯ ದಿನ ಹೊಸ ಬೋರ್ಡು ಬಂತು.
ಆಸ್ಪತ್ರೆಯ ತಾರಸಿ, ಯಂತ್ರದ ಕೋಣೆ, ಗ್ರೀಸಿನ ವಾಸನೆ.
ಪೆಟ್ಟಿಗೆಯಲ್ಲಿ ಕೂರಿಸಿ, ನಾಲ್ಕೂ ಮೂಲೆ ಬಿಗಿದು, ಸ್ವಿಚ್ಚು ಹಾಕಿದೆ.
ಫ್ಯೂಸು ಹಾರಿತು.
ಪಾರಿವಾಳಗಳೂ ಹಾರಿದವು.

ಬಿಚ್ಚಿ, ಟಾರ್ಚು ಬಿಟ್ಟು ನೋಡಿದರೆ
ಮೋಟಾರಿನ ಬ್ರಾಕೆಟ್ಟಿನ ಉದ್ದ ಸ್ಕ್ರೂ
ಪೆಟ್ಟಿಗೆಯ ಬೆನ್ನು ತೂತಾಗಿಸಿಕೊಂಡು ಒಳಗೆ ಮೂಗು ಚಾಚಿದೆ,
ಮೂವತ್ತು ವರ್ಷದಿಂದ ಅಲ್ಲೇ, ತುಕ್ಕು ಹಿಡಿದು.
ಅದರ ತುದಿ ನನ್ನ ನೇರ ಗೆರೆಯ ಮೇಲೆ
ಒಂದು ಎಳ್ಳಿನಷ್ಟು ಹಸಿರು ಕೆರೆದಿತ್ತು.
ಹೊಲದ ನಡುವೆ ಕಾಲುದಾರಿ ಸೊಟ್ಟಗಿದ್ದರೆ
ಅಲ್ಲೊಂದು ಕಲ್ಲಿತ್ತು ಅಂತ ಅರ್ಥ. ಗೊತ್ತಿರಬೇಕಿತ್ತು, ರಾಲಿತ್ಸಾ.

ಸಂಜೆ ಫೋನು ಮಾಡಿದೆ. ಎಂಬತ್ತೊಂದು ಅವನಿಗೆ.
ಯಾವ ಲಿಫ್ಟು? ಯಾವ ಸ್ಕ್ರೂ? ಎಷ್ಟು ಮಾಡಿದ್ದೇನೋ ಮಾರಾಯ್ತಿ,
ಈಗ ಟೊಮೇಟೊ ಬಿಟ್ಟರೆ ಬೇರೇನೂ ನೆನಪಿಲ್ಲ.
ಇಡುವ ಮುನ್ನ, ಸುಮ್ಮನೆ, ಬೂಟಿನ ಸಾಲು ಓದಿ ಹೇಳಿದೆ.
ಆ ಕಡೆ ಬಹಳ ಹೊತ್ತು ತಂತಿ ಮಾತ್ರ ಗುಂಯ್ ಅಂದಿತು.
ಆಮೇಲೆ, ಕಂದು ಬಣ್ಣದ್ದು, ಅಂದ.
ಎಡಗಾಲಿನ ಹಿಮ್ಮಡಿ ಕಿತ್ತಿತ್ತು.
ತಂದೆ ಕಣಮ್ಮ, ಅಂಗಡಿ ಮುಚ್ಚೋ ಮೊದಲು.

ರಾತ್ರಿ ಕೂತು ಕೊಕ್ಕೆಯನ್ನು ಅದರ ಜಾಗಕ್ಕೆ ವಾಪಸು ತಂದೆ.
ತಂತ್ರಾಂಶ ಗೊಣಗಿತು, ಅನಗತ್ಯ ತಿರುವು ಅಂತ. ಗೊಣಗಲಿ.
ಹದಿನಾರನೆಯ ಪದರವನ್ನು ಅಳಿಸಲಿಲ್ಲ.
ಅವನ ಮೂರು ಸಾಲಿನ ಕೆಳಗೆ, ಈಗಿನ ಲಿಪಿಯಲ್ಲಿ,
ಮುಂದೆ ಯಾರಾದರೂ ಇದನ್ನು ಇನ್ನಾವುದೋ ಆವೃತ್ತಿಗೆ ಎಳೆದಾಗ
ಡಬ್ಬವಾಗುವುದೋ ಪ್ರಶ್ನೆಯಾಗುವುದೋ ತಿಳಿಯದೆ ಬರೆದೆ:

ಇಲ್ಲಿ ಸ್ಕ್ರೂ ಇದೆ.
ನೆಟ್ಟಗೆ ಮಾಡಬೇಡಿ.
ಬೂಟು ತಂದಾಗಿದೆ, ಕಂದು ಬಣ್ಣದ್ದು.