ಖಾಲಿ ಶೀಷೆ

ಹಳ್ಳಿಖೇಡ ದಾಟಿ ಎಡಕ್ಕೆ ಹೊರಳಿದರೆ
ಮೈಲುದ್ದದ ಬೇಲಿ. ಗೇಟಿನ ಕಾವಲುಗಾರ
ನನ್ನ ಹೆಸರು, ಇಲಾಖೆ, ಜೀಪಿನ ನಂಬರು ಬರೆದುಕೊಂಡು
ಸಲಾಮು ಹೊಡೆದ ಮೇಲೂ
ಇನ್ನರ್ಧ ಮೈಲು ಬಳ್ಳಿಸಾಲು, ತುದಿಗೊಂದು ಗುಲಾಬಿ.
ಬಳ್ಳಿಗೆ ಬರುವ ರೋಗ ಮೊದಲು ಗುಲಾಬಿಗೆ ತಗಲುತ್ತದಂತೆ;
ಅದಕ್ಕೇ ನೆಟ್ಟಿದ್ದಾರೆ,
ಹೂವಿಗಲ್ಲ.

ನಾನು ಅಬಕಾರಿಯವನು. ಚೀಲದಲ್ಲಿ ಗಾಜಿನ ಮಾಪಕ,
ಮೂರು ಪ್ರತಿಯ ಫಾರಮು, ನೀಲಿ ಕಾರ್ಬನ್ನು.
ಇಪ್ಪತ್ತೆರಡು ಉಕ್ಕಿನ ತೊಟ್ಟಿ,
ಒಂದೊಂದರ ಹೊಟ್ಟೆಯಲ್ಲೂ ನನ್ನದೇ ಮುಖ
ಉಬ್ಬಿಕೊಂಡು, ಹಲ್ಲು ಕಿಸಿದು.
ಅಳೆದೆ, ಬರೆದೆ, ಸೀಲು ಹಾಕಿದೆ.
ಆಮೇಲೆ ಗಾಜಿನ ಕೋಣೆಗೆ ಕರೆದೊಯ್ದರು.

ಕಪ್ಪು ಕೋಟಿನ ಹುಡುಗಿ. ಎದೆಯ ಬಿಲ್ಲೆಯಲ್ಲಿ: ಸ್ವರೂಪಾ ಹಲಬರ್ಗೆ.
ಲೋಟದ ಕಾಲು ಹಿಡಿದು ತಿರುವುತ್ತ
ಮೊದಲು ಮೂಗಿನಿಂದ ಕುಡಿಯಬೇಕು ಎಂದಳು.
ಹೈದರಾಬಾದಿನಿಂದ ಬಂದ ನಾಲ್ವರು ಮೂಗಿಟ್ಟರು.
ನೇರಳೆ ಹಣ್ಣು, ಎಂದರೊಬ್ಬರು. ಚರ್ಮ, ಇನ್ನೊಬ್ಬರು,
ಹೊಸ ಚಪ್ಪಲಿಯದು. ಲವಂಗ.
ಒದ್ದೆ ಕಲ್ಲು, ಎಂದಳು ಅವಳೇ, ಮೆಲ್ಲಗೆ.
ಎಲ್ಲರೂ ತಲೆಯಾಡಿಸಿದರು.
ಬಾಯಿ ಮುಕ್ಕಳಿಸಿ ಹಿತ್ತಾಳೆ ಪೀಕದಾನಿಗೆ ಉಗಿದರು
ನಮ್ಮಜ್ಜ ಎಲೆಯಡಿಕೆ ಉಗಿದ ಹಾಗೆ,
ಅಷ್ಟು ದುಬಾರಿಯದನ್ನು!
ನನಗೆ ಡ್ಯೂಟಿ. ಮೂಸಿದ್ದಷ್ಟೇ.

ನಾಲ್ಕು ಗಂಟೆಗೆ ಇನ್ನೊಂದು ಕಡೆ. ಹೆಸರಿಲ್ಲದ ಕಾರ್ಡು ಬಂದಿತ್ತು:
"ಎಸ್ತೇರಮ್ಮ, ಗಂಡ ದಿವಂಗತ ಸಮುವೇಲಪ್ಪ,
ಮೂವತ್ತು ಗುಂಟೆ, ಪರವಾನಗಿ ಇಲ್ಲ."
ಬೀದರಿನಾಚೆ ಜಂಬಿಟ್ಟಿಗೆ ಕಡಿದ ಕೆಂಪು ಕುಣಿ ದಾಟಿ
ಜೀಪು ನಿಂತಿತು. ಮುಂದೆ ದಾರಿ ಇರಲಿಲ್ಲ, ಕೋಳಿಗಳಿದ್ದವು.
ಮುರಿದ ಕರೆಂಟು ಕಂಬ, ಸೈಕಲ್ ರಿಮ್ಮು, ಯಾವುದೋ ಮಂಚದ ಕಾಲು,
ಸಿಕ್ಕಿದ್ದಕ್ಕೆಲ್ಲ ಬಳ್ಳಿ ಹಬ್ಬಿಸಿದ್ದಳು.
"ಅಬಕಾರಿನವ್ರೇನ್ರಿ? ಬರ್ರಿ. ಚಾ ಕುಡೀತೀರೋ, ಇದನ್ನೋ?"
ಮೊಳಕೈತನಕ ಕೈ ಕಡುನೀಲಿ.

ಐದು ಉಪ್ಪಿನಕಾಯಿ ಭರಣಿ. ಬಾಯಿಗೆ ಬಿಳಿ ಅರಿವೆ,
ಮೇಲೆ ತಟ್ಟೆ, ತಟ್ಟೆಯ ಮೇಲೆ ಕೆಂಪು ಕಲ್ಲು.
"ಒಂದ ದಿಕ್ಕಿಗೆ ತಿರುವಬೇಕ್ರಿ.
ಉಲ್ಟಾ ತಿರುವಿದ್ರ ಮುನಿಸ್ಕೋತದ."
ಈಗಿನ ಹಣ್ಣು ಕ್ರಿಸ್‌ಮಸ್ಸಿಗೆ, ಓಣಿಗೆಲ್ಲ ಒಂದೊಂದು ಲೋಟ;
ಖಾದರಬೀ ಮನೆಗೆ ಮಾತ್ರ ಆಗಿಂದಾಗ ಹಿಂಡಿದ ರಸ, ಬೆಲ್ಲ ಹಾಕಿ.

ಮಾಪಕ ಇಳಿಬಿಟ್ಟೆ. ಭರಣಿಯ ಕತ್ತಲಲ್ಲಿ ಅಂಕಿ ಕಾಣಲಿಲ್ಲ.
ಅವಳು ಕಡ್ಡಿ ಗೀರಿ ಹಿಡಿದಳು. ಎರಡನೆಯದು ಗೀರಿದಳು.
ಮೂರನೆಯದಕ್ಕೆ ಇಬ್ಬರಿಗೂ ನಗು.
ಸ್ಟೀಲಿನ ಲೋಟ. ಒಂದೇ ಗುಟುಕು.
ಹುಳಿ, ಒಗರು, ನುಂಗಿ ಎಷ್ಟೋ ಹೊತ್ತಿನ ಮೇಲೆ
ಬಾವಿ ನೀರು ಚಿಮುಕಿಸಿದ ಆ ಕಲ್ಲು.
ಆ ಹುಡುಗಿ ಇದನ್ನೆಲ್ಲಿ ಕುಡಿದಿದ್ದಳೋ.

ಫಾರಮಿನಲ್ಲಿ ರುಚಿಗೆ ಕಾಲಮ್ಮಿಲ್ಲ.
"ಪರಿಶೀಲಿಸಲಾಗಿ, ಶಿರ್ಕಾ" ಎಂದು ಬರೆದು
ಉಪಕಾರ ಮಾಡಿದವನ ಹಾಗೆ ಓದಿ ಹೇಳಿದೆ.
ಅವಳ ಮುಖ ಬಿಗಿಯಿತು.
"ಶಿರ್ಕಾ ಅಂದ್ರ ಕೆಟ್ಟದಂತ ಆಯ್ತಲ್ರೀ.
ನನ್ನ ಕೈಯಾಗ ಒಂದು ಭರಣಿ ಕೆಟ್ಟಿಲ್ಲ, ಮೂವತ್ತು ವರ್ಷದಾಗ."
ನಾನು ಕ್ಯಾಪು ಮುಚ್ಚಿ ಪೆನ್ನು ಜೇಬಿಗಿಟ್ಟೆ. ಮತ್ತೆ ತೆಗೆದೆ. ಮತ್ತೆ ಇಟ್ಟೆ.
"ಹೋಗ್ಲಿ ಬಿಡ್ರಿ. ಖಾಲಿ ಶೀಷೆ ಸಿಕ್ರ ತಂದುಕೊಡ್ರಿ.
ಗಿಡ್ಡ ಕೊರಳಿಂದು ಬ್ಯಾಡ."

ಮರುತಿಂಗಳು ಗಾಜಿನ ಕೋಣೆಯ ಹಿಂಬಾಗಿಲಲ್ಲಿ
ಸ್ವರೂಪಾಳನ್ನು ಕೇಳಿದೆ. ಯಾಕೆ ಎನ್ನಲಿಲ್ಲ.
ಗೋಣಿಚೀಲದಲ್ಲಿ ಇಪ್ಪತ್ತಾರು ಇಟ್ಟು, ನಡುನಡುವೆ ಹುಲ್ಲು ತುರುಕಿ,
ಕಾವಲುಗಾರನ ಪುಸ್ತಕದಲ್ಲಿ ತಾನೇ ಬರೆದಳು: ಕಸ.

ಹುಲ್ಲು ಸಾಲಲಿಲ್ಲ. ಬೀದರಿನತನಕ ಪ್ರತಿ ಗುಂಡಿಗೂ
ಸರಕಾರಿ ಜೀಪು ಕಿಣಿಕಿಣಿ ಅಂದಿತು.
ಡ್ರೈವರ್ ನಿಜಾಮೋದ್ದೀನ ಒಮ್ಮೆಯೂ
ತಿರುಗಿ ನೋಡಲಿಲ್ಲ.