ಎರಡು ಡಿಗ್ರಿಯ ಕೋಣೆ

ಕಾಡ್ ಮೀನಿನ ಪೆಟ್ಟಿಗೆಗಳ ನಡುವೆ
ಅವಳಿಗೊಂದು ಮೇಜು ಹಾಕಿಕೊಟ್ಟವಳು ನಾನೇ.
ಹಾಲ್‌ಗ್ರೀಮುರ್ ಮೇಸ್ತ್ರಿ ಗೊಣಗಿದ:
ಇದು ಮೀನಿಡುವ ಕೋಣೆ, ಪ್ರಯೋಗಶಾಲೆಯಲ್ಲ.
ಪ್ರಯೋಗಶಾಲೆ ಬೆಚ್ಚಗಿದೆ, ಅದೇ ತೊಂದರೆ, ಅಂದಳು ಸ್ಟೇನುನ್.

ಉಗುರಗಲದ ಚಿಪ್. ಕಡಲ ಚಿಪ್ಪಲ್ಲ,
ಕಿವಿಗೆ ಹಿಡಿದರೆ ಏನೂ ಕೇಳಿಸುವುದಿಲ್ಲ. ಹಿಡಿದು ನೋಡಿದೆ.
ಕೇಳುವುದು ಅದರ ಕೆಲಸವಂತೆ.
ತೇಲುಬುರುಡೆಯ ಹೊಟ್ಟೆಯೊಳಗೆ ಕೂತು
ಚಳಿಗಾಲವಿಡೀ ಒಂದೇ ದನಿಗೆ ಕಾಯಬೇಕು,
ಸೆಕೆಂಡಿಗೆ ಇಪ್ಪತ್ತೇ ಅಲೆ, ನಮ್ಮ ಕಿವಿಗೆ ನಿಲುಕದಷ್ಟು ತಗ್ಗು,
ರೆಕ್ಕೆ ತಿಮಿಂಗಿಲದ ಕರೆ.

ಕಂಪ್ಯೂಟರಿಗೆ ಹೇಳಬಾರದೆ? ಅಂದೆ.
ಕಂಪ್ಯೂಟರ್ ಎಣಿಸುತ್ತೆ ಬೊಝೆನಾ, ಸದ್ದಿಲ್ಲದಾಗಲೂ ಎಣಿಸುತ್ತೆ,
ವಾರದೊಳಗೆ ಬ್ಯಾಟರಿ ಸಾಯುತ್ತೆ.
ಇದಕ್ಕೆ ಲೆಕ್ಕ ಬರೋದಿಲ್ಲ.
ನಾಲೆಯಲ್ಲಿ ನೀರು ಹೋದ ಹಾಗೆ ಸದ್ದು ಇದರೊಳಗೆ ಹೋಗುತ್ತೆ,
ನಾಲೆ ಎಷ್ಟಗಲ ಅನ್ನೋದಷ್ಟೇ ನನ್ನ ಕೈಲಿರೋದು.

ಅಕ್ಟೋಬರಿನಲ್ಲಿ ಅದನ್ನು ಹದ ಮಾಡಿದ್ದು ರೇಕ್ಯಾವೀಕಿನಲ್ಲಿ,
ಪಕ್ಕದಲ್ಲಿ ಹೀಟರ್ ಇಟ್ಟುಕೊಂಡು.
ನೀರಿಗೆ ಬಿದ್ದದ್ದೇ ಶ್ರುತಿ ಇಳಿಯಿತು.
ಇಪ್ಪತ್ತಕ್ಕೆ ಕೂಡಿಸಿದ್ದು ಹದಿಮೂರಕ್ಕೆ ಜಾರಿ,
ತಿಮಿಂಗಿಲ ಮಗ್ಗುಲಲ್ಲೇ ಕೂಗಿದರೂ ತೂಕಡಿಸಿ,
ನಮ್ಮ ಝೆನೋನ್ ಓಡಿಸುವ ಟ್ರಾಲರು ಗುರುಗುಟ್ಟಿದಾಗಲೆಲ್ಲ
ಬಂತು, ಬಂತು ಎಂದು ಸಂದೇಶ ಕಳಿಸಿತಂತೆ.
ಹನ್ನೊಂದು ಸಲ.
ಝೆನೋನ್‌ಗೆ ಹೇಳಿದೆವು. ಹೊಟ್ಟೆ ಸವರಿಕೊಂಡು,
ತಪ್ಪೇನೂ ಹೇಳಿಲ್ಲವಲ್ಲ, ಅಂದ.

ಊರಿಗೆ ಬಂದವಳು ನೀರಿಗೆ ಬರಲೇಬೇಕು,
ಪಾಠವೂ ನೀರಿನ ಚಳಿಯಲ್ಲೇ ಆಗಲಿ ಅಂತ ಇಲ್ಲಿಗೆ ತಂದಳು.

ಬೆರಳ ತುದಿ ಕತ್ತರಿಸಿದ ಕೈಗವಸು.
ಚಿಪ್ಪಿನೊಳಗೆ ಸಾವಿರಾರು ಗೂಡುಗಳಂತೆ, ಸುತ್ತ ಗಾಜು, ಬಾಗಿಲಿಲ್ಲ.
ಒತ್ತಡ ಏರಿಸಿದರೆ ವಿದ್ಯುತ್ತಿನ ಕಣ ಗೋಡೆ ತೂರಿ ಒಳಗೆ ಸೇರುತ್ತದೆ.
ಸೇರಿದ್ದು ಹತ್ತು ವರ್ಷ ಅಲ್ಲೇ.
ಹತ್ತೊಂಬತ್ತು. ಇನ್ನೊಂಚೂರು.
ಇಪ್ಪತ್ತೊಂದೂವರೆ. ಹೆಚ್ಚಾಯಿತು, ತೆಗಿ.
ಟಾರ್ಚು ನನ್ನ ಕೈಲಿತ್ತು.
ದೂರ ಹಿಡಿ, ಬೆಳಕಿಗೂ ಬೆಚ್ಚುತ್ತೆ ಅದು, ಅಂದಳು.

ನಾನು ಮಾತು ಕಲಿತದ್ದು ವುಚ್ ನಗರದ ಒಂದು ಅಡುಗೆಮನೆಯಲ್ಲಿ,
ಒಲೆಯ ಪಕ್ಕ.
ಇಲ್ಲಿಗೆ ಬಂದ ಮೊದಲ ಚಳಿಗಾಲ
ಇವರು ಬೋಸೆನಾ, ಬೋಸೆನಾ ಎಂದು ಕರೆಯುತ್ತಿದ್ದರೆ
ಯಾರನ್ನೋ ಎಂದು ಮೀನು ಕೊಯ್ಯುತ್ತಲೇ ಇದ್ದೆ.
ಇದನ್ನು ಅವಳಿಗೆ ಹೇಳಲಿಲ್ಲ. ಟಾರ್ಚು ದೂರ ಹಿಡಿದೆ.

ಇಪ್ಪತ್ತು, ಅಂದಳು.
ಇಬ್ಬರ ಉಸಿರೂ ಬಿಳಿ.

ಡಿಸೆಂಬರಿನಲ್ಲಿ ಒಂದು ರಾತ್ರಿ ಅವಳ ಫೋನು:
ಝೆನೋನ್ ಎಲ್ಲಿ?
ಕಿಟಕಿಗೆ ಹೋಗಿ ನೋಡಿದೆ.
ದಕ್ಕೆಯಲ್ಲಿ ಟ್ರಾಲರು, ಹಗ್ಗ ಬಿಗಿದಿದೆ, ದೀಪ ಆರಿದೆ,
ಛಾವಣಿಯ ಮೇಲೆ ಗೇಣುದ್ದ ಹಿಮ.
ಇಲ್ಲೇ ಇದ್ದಾನೆ, ಮಲಗಿದ್ದಾನೆ, ಅಂದೆ.

ಆ ಕಡೆಯಿಂದ ಮಾತಿಲ್ಲ.
ಫೋನು ಮಾತ್ರ ಇಬ್ಬರೂ ಇಡಲಿಲ್ಲ.